ಚೆಂಡು ಬಿಟ್ಟು ನೋಡಲು ಕಲಿಸಿದ ಮೇಷ್ಟ್ರು

ಕಳೆದ ನವೆಂಬರ್‌ನಲ್ಲಿ ನಮ್ಮ ಮೇಷ್ಟ್ರು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಊರಿನಲ್ಲಿ ತೀರಿಕೊಂಡರು. ಅವರೂ ಇದೇ ಕಾಲೇಜಿನವರು, ನಾನೂ ಇದೇ ಕಾಲೇಜಿನವನು. ನಡುವೆ ಮೂವತ್ತು ವರ್ಷದ ಅಂತರ. ಕಾಲೇಜಿನ ಈ ಸಂಚಿಕೆಗೆ ಅವರ ಬಗ್ಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ಮೊದಲು ನೆನಪಾಗಿದ್ದು ಅವರು ಕ್ಲಾಸಿನಲ್ಲಿ ಮಾಡಿದ ಪಾಠ ಅಲ್ಲ. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಅವರು ನನಗೆ ಕಾಂಕ್ರೀಟ್ ಚಾವಣಿಗಳ ಲೆಕ್ಕ ಕಲಿಸಿದರು. ಅದರ ಒಂದು ಸಮೀಕರಣವೂ ಈಗ ತಲೆಯಲ್ಲಿ ಉಳಿದಿಲ್ಲ. ಆದರೆ ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಡಿಫೆನ್ಸಿನ, ಅಂದರೆ ತಡೆಯುವ ಕಡೆಯ, ಹನ್ನೊಂದು ಜನ ಎಲ್ಲಿ ನಿಲ್ಲಬೇಕು, ಯಾಕೆ ಅಲ್ಲೇ ನಿಲ್ಲಬೇಕು ಅಂತ ಅವರು ಹೇಳಿಕೊಟ್ಟಿದ್ದು ಒಂದಕ್ಷರ ಬಿಡದೆ ನೆನಪಿದೆ.

ಮೇಷ್ಟ್ರು ತಿಪಟೂರು ಕಡೆಯವರು. ಲಿಂಕನ್‌ಗೆ ಹೋಗಿದ್ದು 1962ರಲ್ಲಿ. ಬಾಬ್ ಡೆವಾನಿ ಅಲ್ಲಿನ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿ ಬಂದಿದ್ದೂ ಅದೇ ವರ್ಷ. "ನಾವಿಬ್ಬರೂ ಒಂದೇ ಬ್ಯಾಚು ಕಣಯ್ಯಾ" ಅಂತ ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಅಲ್ಲಿನ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರಿಂದ ಒಂದು ಆಟಕ್ಕೂ ಟಿಕೆಟ್ ಮಿಕ್ಕಿಲ್ಲ. ನಾನು ಹೋದ ಕಾಲಕ್ಕೆ 70 ಸಾವಿರಕ್ಕೂ ಜಾಸ್ತಿ ಜನ ಸೇರುತ್ತಿದ್ದರು. ಆಟದ ದಿನ ಆ ಸ್ಟೇಡಿಯಮ್ಮೇ ರಾಜ್ಯದ ಮೂರನೇ ದೊಡ್ಡ ಊರು ಅಂತ ಅಲ್ಲಿನವರು ಹೇಳುತ್ತಾರೆ. ಶನಿವಾರ ಬೆಳಗ್ಗೆ ರಸ್ತೆಗೆ ಇಳಿದರೆ ಅಜ್ಜಿಯರಿಂದ ಹಿಡಿದು ಕೈಗೂಸಿನವರೆಗೆ ಎಲ್ಲರೂ ಕೆಂಪು ಬಟ್ಟೆಯಲ್ಲಿ ಇರುತ್ತಿದ್ದರು.

ಅಂಥ ಊರಿಗೆ ನಾನು 1993ರಲ್ಲಿ ಹೋಗಿ ಇಳಿದೆ. ಆಟ ಏನೂ ಅರ್ಥವಾಗುತ್ತಿರಲಿಲ್ಲ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ ಟಚ್‌ಡೌನ್ ಅನ್ನೋದಷ್ಟು ಗೊತ್ತಾಯಿತು. ಉಳಿದಿದ್ದೆಲ್ಲ ಬರೀ ತಳ್ಳಾಟ ಅನ್ನಿಸುತ್ತಿತ್ತು. ಮೇಷ್ಟ್ರ ಮನೆಯಲ್ಲಿ ಶನಿವಾರ ಊಟಕ್ಕೆ ಸೇರುತ್ತಿದ್ದ ಕನ್ನಡದ ಹುಡುಗರೆಲ್ಲರ ಪಾಡೂ ಅದೇ. ಟಿವಿ ಹಾಕಿದರೆ ನಾವು ಚೆಂಡು ಹಿಡಿದು ಓಡುವವನನ್ನೇ ನೋಡಿ ಕೂಗುತ್ತಿದ್ದೆವು. ಒಂದು ದಿನ ಮೇಷ್ಟ್ರು ಎದ್ದು ಟಿವಿ ಆರಿಸಿಬಿಟ್ಟರು. "ಚೆಂಡು ಯಾರು ಬೇಕಾದರೂ ನೋಡ್ತಾರೆ. ಕುರ್ಚಿ ತನ್ನಿ."

ಊಟದ ಮೇಜಿನ ಐದು ಕುರ್ಚಿಗಳನ್ನು ನಡುಮನೆಯಲ್ಲಿ ಸಾಲಾಗಿ ಇಡಿಸಿದರು. ನಡುವಿನದು ಸೆಂಟರ್. ಅದರ ಎರಡೂ ಪಕ್ಕ ಗಾರ್ಡ್. ಅದರಾಚೆ ಟ್ಯಾಕಲ್. ಬಲಗಡೆ ತುದಿಗೆ ಒಂದು ಸ್ಟೂಲು, ಅದು ಟೈಟ್ ಎಂಡ್. ಇದಿಷ್ಟು ಎದುರಾಳಿಯ ಗೋಡೆ. ಸೆಂಟರಿಗೂ ಗಾರ್ಡಿಗೂ ನಡುವೆ ಇರುವುದು ಎ ಸಂದಿ, ಆಮೇಲಿನವು ಬಿ, ಸಿ, ಡಿ. "ಓಡುವವನು ಇವುಗಳಲ್ಲಿ ಒಂದು ಸಂದಿಯಿಂದಲೇ ಬರಬೇಕು. ಒಂದೊಂದು ಸಂದಿಗೂ ಒಬ್ಬ ಜವಾಬ್ದಾರ. ಇಷ್ಟೇ ಡಿಫೆನ್ಸು" ಅಂದರು. ಆಮೇಲೆ ನಮ್ಮನ್ನು ಕುರ್ಚಿಗಳ ಎದುರು ನಿಲ್ಲಿಸಿದರು. ದಾವಣಗೆರೆಯ ದಪ್ಪ ಹುಡುಗನೊಬ್ಬನಿದ್ದ. ಅವನನ್ನು ಗಾರ್ಡ್ ಕುರ್ಚಿಯ ಹೊರಭುಜಕ್ಕೆ ತಂದು ನಿಲ್ಲಿಸಿ "ಇದು ತ್ರೀ ಟೆಕ್ನಿಕ್. ಬಿ ಸಂದಿ ನಿಂದು" ಅಂದರು. ಸೊನ್ನೆ ಅಂದರೆ ಸೆಂಟರಿನ ಮೂಗಿನೆದುರು. ಐದು ಅಂದರೆ ಟ್ಯಾಕಲಿನ ಹೊರಭುಜ, ಅಲ್ಲಿ ಡಿಫೆನ್ಸಿವ್ ಎಂಡ್ ನಿಲ್ಲುತ್ತಾನೆ. ಅರ್ಧ ಅಡಿ ಆ ಕಡೆ ಈ ಕಡೆ ಆದರೂ ಬಿಡುತ್ತಿರಲಿಲ್ಲ. ಬಗ್ಗಿ ಪಾದ ಹಿಡಿದು ಸರಿಸುತ್ತಿದ್ದರು.

ಅಷ್ಟರಲ್ಲಿ ಆಂಟಿ ಬೋಂಡದ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದರು. ದಾರಿ ಇಲ್ಲದೆ ಕುರ್ಚಿಗಳ ನಡುವೆ ನುಸುಳಿ ಈಚೆ ಬಂದರು. ಮೇಷ್ಟ್ರು ಎರಡೂ ಕೈ ಮೇಲೆತ್ತಿ "ಟಚ್‌ಡೌನ್! ಸಿ ಸಂದಿಯಲ್ಲಿ ಯಾರಿದ್ರಯ್ಯಾ?" ಅಂತ ಕೂಗಿದರು. ಅಲ್ಲಿ ನಿಂತಿರಬೇಕಾದ ಹಾಸನದ ಹುಡುಗ ಬೋಂಡ ನೋಡಿ ಆಗಲೇ ಜಾಗ ಬಿಟ್ಟಿದ್ದ.

ಮುಂದಿನ ಸಾಲು ಗೊತ್ತಾದ ಮೇಲೆ ಹಿಂದಿನವರು. ಲೈನಿನವರ ಹಿಂದೆ ಮೂವರು ಲೈನ್‌ಬ್ಯಾಕರ್‌ಗಳು. ನಡುವೆ ಮೈಕ್. ಟೈಟ್ ಎಂಡ್ ಇರುವ ಕಡೆ ಸ್ಯಾಮ್. ಇಲ್ಲದ ಕಡೆ ವಿಲ್. ಡಿಫೆನ್ಸಿಗೆ ಕೂಗಿ ಹೇಳುವವನು, ಕೊನೆ ಗಳಿಗೆಯಲ್ಲಿ ಎಲ್ಲರನ್ನೂ ಸರಿಸುವವನು ಸಾಮಾನ್ಯವಾಗಿ ಮೈಕ್. ಅವನು ನೋಡಬೇಕಾದ್ದು ಗಾರ್ಡ್‌ಗಳನ್ನು. ಗಾರ್ಡ್ ಮುಂದೆ ನುಗ್ಗಿದರೆ ಓಟ, ಹಿಂದೆ ಸರಿದರೆ ಪಾಸ್. ಇದು ತಿಳಿದೇ ಎದುರಾಳಿಗಳು ಪ್ಲೇ ಆ್ಯಕ್ಷನ್ ಮಾಡುತ್ತಾರೆ. ಓಡುವ ಹಾಗೆ ತೋರಿಸಿ, ಲೈನ್‌ಬ್ಯಾಕರ್‌ಗಳು ಮುಂದೆ ಬರುತ್ತಿದ್ದಂತೆ ಅವರ ತಲೆ ಮೇಲಿಂದ ಪಾಸ್ ಎಸೆಯುತ್ತಾರೆ. ಅದಕ್ಕೇ ಇನ್ನೂ ಹಿಂದೆ ನಾಲ್ವರು ಇರುತ್ತಾರೆ. ಅಂಚುಗಳಲ್ಲಿ ಇಬ್ಬರು ಕಾರ್ನರ್‌ಬ್ಯಾಕ್, ನಡುವೆ ಇಬ್ಬರು ಸೇಫ್ಟಿ.

ನಾನು ಇಲ್ಲಿ ಓದುವಾಗ ವಿಶ್ವವಿದ್ಯಾಲಯದ ಕಬಡ್ಡಿ ತಂಡದಲ್ಲಿ ಎಡಗಡೆ ಕಾರ್ನರ್ ಆಡಿದವನು. ರೈಡರ್ ಎಷ್ಟೇ ಕೆಣಕಿದರೂ ಕಾರ್ನರ್‌ನವನು ಹೊತ್ತಿಗೆ ಮುಂಚೆ ಎಗರಬಾರದು, ಅಲ್ವಾ? ಅದು ನನ್ನ ಮೈಯಲ್ಲೇ ಇತ್ತು. ಹಾಗಾಗಿ ಆಪ್ಷನ್ ಆಟ ಬಂದಾಗ ನನಗೆ ಬೇಗ ಹಿಡಿಸಿತು. ನೆಬ್ರಾಸ್ಕಾದವರು ಆಗ ಆಪ್ಷನ್‌ಗೆ ಹೆಸರುವಾಸಿ. ಚೆಂಡು ಸಾಮಾನ್ಯವಾಗಿ ಮೊದಲು ಸಿಗುವುದು ಕ್ವಾರ್ಟರ್‌ಬ್ಯಾಕ್‌ಗೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತನ್ನ ಹಿಂದೆ ನಿಂತ ಫುಲ್‌ಬ್ಯಾಕ್‌ಗೆ ಕೊಡಬಹುದು, ತಾನೇ ಇಟ್ಟುಕೊಂಡು ಓಡಬಹುದು, ಪಕ್ಕದಲ್ಲಿ ಓಡಿ ಬರುವವನಿಗೆ ಎಸೆಯಬಹುದು. ಡಿಫೆನ್ಸಿನಲ್ಲಿ ಒಬ್ಬನಿಗೆ ಫುಲ್‌ಬ್ಯಾಕ್, ಒಬ್ಬನಿಗೆ ಕ್ವಾರ್ಟರ್‌ಬ್ಯಾಕ್, ಒಬ್ಬನಿಗೆ ಪಕ್ಕದವನು ಅಂತ ಮೊದಲೇ ಹಂಚಿರುತ್ತಾರೆ. ಚೆಂಡು ಯಾರ ಕೈಯಲ್ಲಾದರೂ ಇರಲಿ, ನಿನ್ನ ಪಾಲಿನವನನ್ನು ನೀನು ಹಿಡಿ. ಮೇಷ್ಟ್ರು ಸೋಫಾ ಸರಿಸಿ ತಾವೇ ಕ್ವಾರ್ಟರ್‌ಬ್ಯಾಕ್ ಆಗಿ ಒಂದು ತೆಂಗಿನಕಾಯಿ ಹಿಡಿದು ಓಡಿದರು. ಎಲ್ಲರೂ ಕಾಯಿಯ ಹಿಂದೆ ಬಿದ್ದರು. ನಾನೊಬ್ಬ ನನ್ನ ಪಾಲಿನವನನ್ನು ಬಿಡಲಿಲ್ಲ. "ಇವನನ್ನ ನೋಡಿ ಕಲೀರಿ" ಅಂದರು. ಆ ಮಾತು ಇವತ್ತಿಗೂ ಖುಷಿ ಕೊಡುತ್ತದೆ. ಸೇತುವೆ ಕೆಲಸಗಳಲ್ಲಿ ದೊಡ್ಡ ತಂಡಗಳನ್ನು ನಡೆಸಿದ್ದೇನೆ, ಸನ್ಮಾನಗಳೂ ಆಗಿವೆ. ಆ ನಡುಮನೆಯ ಹೊಗಳಿಕೆಯ ತೂಕ ಅವಕ್ಕಿಲ್ಲ.

ಆ ಊರಿನಲ್ಲಿ ಡಿಫೆನ್ಸಿಗೆ ಒಂದು ಗೌರವ ಇದೆ. ಮೊದಲ ದರ್ಜೆಯ ಡಿಫೆನ್ಸ್ ಆಟಗಾರರಿಗೆ ಅಭ್ಯಾಸದ ವೇಳೆ ಕಪ್ಪು ಅಂಗಿ ಕೊಡುತ್ತಾರೆ. ಅವರನ್ನು ಬ್ಲ್ಯಾಕ್‌ಶರ್ಟ್ಸ್ ಅಂತಲೇ ಕರೆಯುತ್ತಾರೆ. ಇದು ಶುರುವಾಗಿದ್ದು 1964ರಲ್ಲಿ. ಅಲ್ಲಿಯವರೆಗೆ ಆಟಗಾರರನ್ನು ಬದಲಿಸುವ ನಿಯಮ ಬಿಗಿಯಾಗಿತ್ತು, ಅದೇ ಹುಡುಗರು ಎರಡೂ ಕಡೆ ಆಡಬೇಕಿತ್ತು. ನಿಯಮ ಸಡಿಲವಾದ ಮೇಲೆ ಡಿಫೆನ್ಸಿನವರೇ ಬೇರೆ ಆದರು. ಗುರುತಿಗೆ ಬೇರೆ ಬಣ್ಣದ ಅಂಗಿ ಬೇಕಾಯಿತು. ಅಂಗಡಿಯಲ್ಲಿ ಕಪ್ಪು ಅಂಗಿ ಅಗ್ಗಕ್ಕೆ ಸಿಕ್ಕಿತು, ತಂದರು ಅಂತ ಕಥೆ. ಮೇಷ್ಟ್ರು ಇದನ್ನು ತಮ್ಮ ಮನೆತನದ ಇತಿಹಾಸದ ಹಾಗೆ ಹೇಳುತ್ತಿದ್ದರು.

ಈಗ ನಾವು ಮಾಡಿದ ತರಲೆ. 1994ರ ಅಕ್ಟೋಬರ್. ಟೆಸ್ಟ್ ಇತ್ತು, ಯಾರೂ ಓದಿರಲಿಲ್ಲ. ನಾವು ನಾಲ್ವರು ಮುಂಚೆಯೇ ಹೋಗಿ ಬೋರ್ಡ್ ತುಂಬ ಡಿಫೆನ್ಸಿನ ಚಿತ್ರ ಬರೆದೆವು. ನಾಲ್ವರು ಲೈನಿನವರು, ಮೂವರು ಲೈನ್‌ಬ್ಯಾಕರ್‌ಗಳು, ಎಲ್ಲ ಸರಿಯಾಗಿ. ಸ್ಯಾಮ್‌ನನ್ನು ಮಾತ್ರ ಬೇಕಂತಲೇ ಟೈಟ್ ಎಂಡ್ ಇಲ್ಲದ ಕಡೆ ನಿಲ್ಲಿಸಿದೆವು. ಮೇಷ್ಟ್ರು ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದರು. ಬೋರ್ಡ್ ನೋಡಿದರು. ಪತ್ರಿಕೆಗಳನ್ನು ಮೇಜಿನ ಮೇಲಿಟ್ಟರು. ಕನ್ನಡದಲ್ಲೇ "ಯಾರಯ್ಯಾ ಸ್ಯಾಮ್‌ನ ಆ ಕಡೆ ಕಳಿಸಿದ್ದು?" ಅಂತ ಕೇಳಿ ಚಾಕ್ ಹಿಡಿದರು. ಟೈಟ್ ಎಂಡ್ ಕಡೆ ಎದುರಾಳಿಯ ಅಡ್ಡಗಟ್ಟುವವರು ಒಬ್ಬರು ಜಾಸ್ತಿ ಇರುತ್ತಾರೆ, ಅದಕ್ಕೇ ಅಲ್ಲಿ ಗಟ್ಟಿಮುಟ್ಟಾದ ಸ್ಯಾಮ್ ಬೇಕು, ವಿಲ್ ಹಗುರ, ಓಡಾಡುವವನು, ಅವನಿಗೆ ಬಯಲು ಬೇಕು ಅಂತ ಶುರು ಮಾಡಿದರು. ಅಮೆರಿಕದ ಹುಡುಗರು ಕುರ್ಚಿ ಮುಂದೆಳೆದುಕೊಂಡು ವಾದಕ್ಕೆ ಕೂತರು. ಪೂರ್ತಿ ಗಂಟೆ ಹೋಯಿತು. ನಾವು ಒಳಗೊಳಗೇ ಕುಣಿಯುತ್ತಿದ್ದೆವು. ಗಂಟೆ ಮುಗಿದಾಗ ಮೇಷ್ಟ್ರು ಕೈ ಒರೆಸಿಕೊಂಡು ನಮ್ಮ ಕಡೆ ತಿರುಗಿದರು. "ಒಳ್ಳೇ ಪ್ಲೇ ಆ್ಯಕ್ಷನ್. ಆದ್ರೆ ಸೇಫ್ಟಿ ಹಿಂದೆ ನಿಂತಿದಾನೆ. ಟೆಸ್ಟ್ ನಾಳೆ ಬೆಳಗ್ಗೆ ಏಳಕ್ಕೆ."

ಏಳು ಗಂಟೆಗೇ ನಡೆಯಿತು. ಅದರಲ್ಲಿ ಏನು ಕೇಳಿದ್ದರು ಅನ್ನೋದು ನೆನಪಿಲ್ಲ.

ಆ ತಿಂಗಳ 29ಕ್ಕೆ ಕೊಲರಾಡೋ ತಂಡ ಲಿಂಕನ್‌ಗೆ ಬಂತು. ಆಂಟಿ ತಮ್ಮ ಟಿಕೆಟ್ ನನಗೆ ಕೊಟ್ಟರು. ಸ್ಟೇಡಿಯಂನಲ್ಲಿ ಮೇಷ್ಟ್ರ ಷರತ್ತು ಒಂದೇ. ಮೊದಲ ಅರ್ಧ ನೆಬ್ರಾಸ್ಕಾ ಡಿಫೆನ್ಸ್ ಬಂದಾಗ ಸೇಫ್ಟಿಯನ್ನು ಬಿಟ್ಟು ಬೇರೆ ಯಾರನ್ನೂ ನೋಡಬಾರದು. ಸುತ್ತ ಅಷ್ಟು ಜನ ಎದ್ದು ಕಿರುಚುವಾಗ ಚೆಂಡಿನ ಕಡೆ ನೋಡದೆ ಇರುವುದು ಎಷ್ಟು ಕಷ್ಟ! ಆದರೆ ಸ್ವಲ್ಪ ಹೊತ್ತಿನಲ್ಲೇ ಇಡೀ ಮೈದಾನ ತೆರೆದುಕೊಂಡಿತು. ಕಾಲೇಜ್ ಮೈದಾನದಲ್ಲಿ ಚೆಂಡು ಇಡುವ ಎರಡು ಗೆರೆಗಳ ನಡುವೆ 40 ಅಡಿ ಅಂತರ. ವೃತ್ತಿಪರ ಆಟದಲ್ಲಿ ಅದು 18 ಅಡಿ 6 ಇಂಚು. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಪಕ್ಕಕ್ಕೆ ಬಂದರೆ ಇನ್ನೊಂದು ಪಕ್ಕದಲ್ಲಿ ನೂರು ಅಡಿ ಬಯಲು. ಆ ಬಯಲನ್ನು ಸೇಫ್ಟಿ ಹೇಗೆ ಕಾಯುತ್ತಾನೆ, ಯಾವಾಗ ಎರಡು ಹೆಜ್ಜೆ ಹಿಂದೆ ಇಡುತ್ತಾನೆ, ಯಾವಾಗ ಓಟ ಅಂತ ಗೊತ್ತಾಗಿ ಬಾಣದ ಹಾಗೆ ಇಳಿಯುತ್ತಾನೆ, ಎಲ್ಲ ಕಂಡಿತು. ಕೊಲರಾಡೋದಲ್ಲಿ ಆ ವರ್ಷ, ದೇಶದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ ರಶಾನ್ ಸಲಾಮ್ ಇದ್ದ. ಆದರೂ 24–7ಕ್ಕೆ ನಮ್ಮವರೇ ಗೆದ್ದರು.

ಹೊಸ ವರ್ಷದ ರಾತ್ರಿ, 1995ರ ಜನವರಿ 1ರಂದು, ಋತುವಿನ ಕೊನೆಯ ದೊಡ್ಡ ಪಂದ್ಯ ಆರೆಂಜ್ ಬೌಲ್‌ನಲ್ಲಿ ಮಯಾಮಿ ಮೇಲೆ 24–17ಕ್ಕೆ ಗೆಲುವು. ಕೋಚ್ ಟಾಮ್ ಆಸ್ಬೋರ್ನ್‌ಗೆ ಅದೇ ಮೊದಲ ರಾಷ್ಟ್ರೀಯ ಕಿರೀಟ. ಅಂದು ನಮ್ಮವರು ಸೋಲುತ್ತಿದ್ದಾಗ ಲೈನ್‌ಬ್ಯಾಕರ್ ಡ್ವೇನ್ ಹ್ಯಾರಿಸ್ ಮಯಾಮಿ ಕ್ವಾರ್ಟರ್‌ಬ್ಯಾಕನ್ನು ಅವರದೇ ಗೋಲು ಗೆರೆಯ ಹಿಂದೆ ಕೆಡವಿ 2 ಅಂಕ ತಂದ. ಮೇಷ್ಟ್ರು ಸೋಫಾ ಮೇಲೆ ನಿಂತಿದ್ದರು. ಆದರೆ ಆ ರಾತ್ರಿ ಊಟವಾದ ಮೇಲೆ ಅವರು ನಮಗೆ ಬಿಡಿಸಿ ಹೇಳಿದ್ದು ಸೋತವರ ಡಿಫೆನ್ಸಿನ ಬಗ್ಗೆ. ಮಯಾಮಿಯ ಮುಂದಿನ ಸಾಲು ಬಲು ಚುರುಕು. ಅದರ ನಡುವೆ ವಾರನ್ ಸ್ಯಾಪ್ ಅಂಥ ಡಿಫೆನ್ಸಿವ್ ಟ್ಯಾಕಲ್ ಇದ್ದ. ಚೆಂಡು ಎದ್ದ ಕೂಡಲೇ ನುಗ್ಗಿಬಿಡುತ್ತಿದ್ದರು. ನೆಬ್ರಾಸ್ಕಾದವರು ಅವರನ್ನು ನುಗ್ಗಲು ಬಿಟ್ಟು, ಪಕ್ಕದಿಂದ ಬಂದ ಗಾರ್ಡ್ ಕೈಲಿ ಆಚೆ ತಳ್ಳಿಸಿ, ಖಾಲಿಯಾದ ನಡುವಿನಲ್ಲಿ ಫುಲ್‌ಬ್ಯಾಕ್ ಕೋರಿ ಷ್ಲೆಸಿಂಗರ್‌ನನ್ನು ಕಳಿಸಿದರು. ಕೊನೆಯ ಕಾಲುಭಾಗದಲ್ಲಿ ಅವನದೇ ಎರಡು ಟಚ್‌ಡೌನ್. "ಶಕ್ತಿ ಇತ್ತು, ವೇಗ ಇತ್ತು, ಸಂದಿ ಕಾಯೋರು ಇರಲಿಲ್ಲ" ಅಂದರು ಮೇಷ್ಟ್ರು.

ಈಗಿನ ಮಕ್ಕಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮನೆಯ ಹುಡುಗರು ಆಟವನ್ನು ಫೋನಿನಲ್ಲಿ ಹತ್ತು ಸೆಕೆಂಡಿನ ತುಣುಕುಗಳಾಗಿ ನೋಡುತ್ತಾರೆ. ಅದರಲ್ಲಿ ಚೆಂಡು ಬಿಟ್ಟು ಬೇರೆ ಏನೂ ಇರುವುದಿಲ್ಲ. ಟಿವಿ ಕ್ಯಾಮೆರಾವೂ ಎಷ್ಟೋ ಸಲ ಸೇಫ್ಟಿಗಳನ್ನು ಚೌಕಟ್ಟಿನಿಂದ ಆಚೆಗೇ ಬಿಟ್ಟಿರುತ್ತದೆ. ಪಾಠವೂ ಹಾಗೇ ಆಗುತ್ತಿದೆ ಅನ್ನೋದು ನನ್ನ ಸಂಕಟ. ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗನಿಗೆ ಮೇಷ್ಟ್ರು ಅಂದರೆ ಸ್ಲೈಡು, ಸ್ಲೈಡು ಅಂದರೆ ಪರೀಕ್ಷೆಗೆ ಬರುವ ಪ್ರಶ್ನೆ. ಪಾಠ ಬಿಟ್ಟು ಒಂದು ಗಂಟೆ ಬೇರೆ ಏನೋ ಹೇಳುವ ಬಿಡುವು ಪಾಪ ಆ ಮೇಷ್ಟ್ರಿಗೂ ಇಲ್ಲ. ಅಷ್ಟು ಫಾರಂ ತುಂಬಬೇಕಂತೆ. ಕುರ್ಚಿ ಸಾಲಾಗಿಟ್ಟು ವಿದ್ಯಾರ್ಥಿಯ ಪಾದ ಹಿಡಿದು ಸರಿಸುವ ಗುರು ಅವರಿಗೆ ಎಲ್ಲಿಂದ ಸಿಗಬೇಕು?

ಮೇಷ್ಟ್ರಿಗೂ ನನಗೂ ಒಂದು ಜಗಳ ಕೊನೆಯವರೆಗೂ ಮುಗಿಯಲಿಲ್ಲ. ಡಿಫೆನ್ಸಿನಲ್ಲಿ ಯಾರು ಮುಖ್ಯ? ಅವರ ಪ್ರಕಾರ ಸೇಫ್ಟಿ. ನನ್ನ ಪ್ರಕಾರ ಮುಂದಿನ ಸಾಲಿನ ಡಿಫೆನ್ಸಿವ್ ಟ್ಯಾಕಲ್. 2009ರ ಡಿಸೆಂಬರ್ 5ರಂದು ಬಿಗ್ 12 ಲೀಗಿನ ಫೈನಲ್‌ನಲ್ಲಿ ನನ್ನ ವಾದಕ್ಕೆ ಸಾಕ್ಷಿ ಸಿಕ್ಕಿತು. ನೆಬ್ರಾಸ್ಕಾದ ಡಿಫೆನ್ಸಿವ್ ಟ್ಯಾಕಲ್ ಎನ್ಡಮುಕಾಂಗ್ ಸೂ ಒಬ್ಬನೇ ಟೆಕ್ಸಾಸ್‌ನ ಕ್ವಾರ್ಟರ್‌ಬ್ಯಾಕ್ ಕೋಲ್ಟ್ ಮೆಕಾಯ್‌ನನ್ನು ನಾಲ್ಕೂವರೆ ಸಲ ಕೆಡವಿದ. ಇಬ್ಬರು ಸೇರಿ ಕೆಡವಿದರೆ ಲೆಕ್ಕದಲ್ಲಿ ಅರ್ಧ. ನಮ್ಮವರಿಗೆ ಒಂದು ಟಚ್‌ಡೌನ್ ಕೂಡ ಬರಲಿಲ್ಲ. ಕೊನೆಯ ಒಂದು ಸೆಕೆಂಡನ್ನು ಗಡಿಯಾರಕ್ಕೆ ಮತ್ತೆ ಸೇರಿಸಿದರು, ಟೆಕ್ಸಾಸ್ ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದರೆ 3 ಅಂಕ) ಹೊಡೆದು 13–12ಕ್ಕೆ ಗೆದ್ದಿತು. ಸೋತ ತಂಡದ ಡಿಫೆನ್ಸ್ ಹುಡುಗ ಆ ವರ್ಷದ ಹೈಸ್‌ಮನ್ ಮತದಾನದಲ್ಲಿ ನಾಲ್ಕನೆಯವನಾದ. ಅವನು ನೆಬ್ರಾಸ್ಕಾದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಟ್ಟಡ ನಿರ್ಮಾಣದ ನಿರ್ವಹಣೆ ಓದಿದವನು. ಮುಂದಿನ ವರ್ಷ ಆ ಕಾಲೇಜಿನ ವಿದ್ಯಾರ್ಥಿವೇತನಕ್ಕೆ 6 ಲಕ್ಷ ಡಾಲರ್ ಕೊಟ್ಟ. ಮೇಷ್ಟ್ರು ಅವನನ್ನು "ನಮ್ಮ ಹುಡುಗ" ಅಂತಲೇ ಕರೆಯುತ್ತಿದ್ದರು.

ಆಟ ಮುಗಿದ ಕೂಡಲೇ ಫೋನ್ ಮಾಡಿ "ಈಗೇನಂತೀರಿ ಸಾರ್, ಟ್ಯಾಕಲ್ ತಾನೇ?" ಅಂದೆ. ಸೋಲಿನ ದುಃಖದಲ್ಲೂ ಅವರು ಬಿಡಲಿಲ್ಲ. "ನಾಲ್ಕೂವರೆ ಸಲಾನೂ ಮೆಕಾಯ್ ಚೆಂಡು ಹಿಡ್ಕೊಂಡು ಯಾಕೆ ನಿಂತಿದ್ದ ಹೇಳು? ಎಸೆಯೋಕೆ ಜಾಗ ಇರಲಿಲ್ಲ. ಹಿಂದೆ ಎಲ್ಲರನ್ನೂ ಮುಚ್ಚಿದ್ದೋರು ಯಾರು?" ಎಲ್ಲ ಸಲವೂ ಹಾಗಾಗಲಿಲ್ಲ ಸಾರ್, ಅಂದೆ. ಸೂ ಇಬ್ಬರನ್ನು ಎಳೆದುಕೊಂಡೇ ಹೋಗಿ ಹಿಡಿದದ್ದೂ ಇದೆ, ಅಷ್ಟು ಹೊತ್ತಿಗೆ ಹಿಂದಿನವರು ಮುಚ್ಚಿದ್ದರೂ ಒಂದೇ, ಬಿಟ್ಟಿದ್ದರೂ ಒಂದೇ. ಅವರು ಒಪ್ಪಲಿಲ್ಲ. ನಾನೂ ಒಪ್ಪಿಲ್ಲ. ಆ ಆಟವನ್ನು ಮತ್ತೆ ಹಾಕಿ ನೋಡಿದ್ದೇನೆ, ಟ್ಯಾಕಲ್ಲೇ ಸಾರ್.