ಕೊಲೆ ಬರೆಯುವವರ ಜಾತ್ರೆಯಲ್ಲಿ ಒಬ್ಬ ಫಾರ್ಮಸಿಸ್ಟ್

ಇಂಗ್ಲೆಂಡಿನ ಲೀಡ್ಸ್‌ನಿಂದ ಹ್ಯಾರೋಗೇಟ್‌ಗೆ ರೈಲಿನಲ್ಲಿ ಅರ್ಧ ಗಂಟೆ, ಅದರ ಮೇಲೆ ಸ್ವಲ್ಪ. ಇಷ್ಟು ಹತ್ತಿರ ಇದ್ದರೂ ನಾನು ಅಲ್ಲಿಗೆ ಹೋಗುತ್ತಿದ್ದುದು ಬೆಟ್ಟೀಸ್‌ನಲ್ಲಿ ಟೀ ಕುಡಿಯೋಕೆ ಮಾತ್ರ, ಅದೂ ಊರಿಂದ ಯಾರಾದರೂ ಬಂದಾಗ. ಈ ಜುಲೈನಲ್ಲಿ ಹೋಗಿದ್ದು ಬೇರೆ ಕೆಲಸಕ್ಕೆ. ಅಪರಾಧ ಕಾದಂಬರಿ ಬರೆಯುವವರ, ಓದುವವರ ದೊಡ್ಡ ಹಬ್ಬವೊಂದು ಅಲ್ಲಿ 2003ರಿಂದ ನಡೆಯುತ್ತಿದೆ. ಹಬ್ಬದ ಖರ್ಚಿಗೆ ನಿಂತಿರುವುದು ಮ್ಯಾಶಮ್ ಊರಿನ ಥೀಕ್‌ಸ್ಟನ್ ಬಿಯರ್ ಕಂಪನಿ. ಹಾಗಾಗಿ ವರ್ಷದ ಕಾದಂಬರಿಗೆ ಬಹುಮಾನ ಬಂದವರಿಗೆ ಹಣದ ಜೊತೆ ಓಕ್ ಮರದ ಪುಟ್ಟ ಬಿಯರ್ ಪೀಪಾಯಿಯನ್ನೂ ಕೊಡುತ್ತಾರೆ. ನಮ್ಮಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಇಲ್ಲಿ ಪೀಪಾಯಿ. ಯಾವುದು ಹೆಚ್ಚು ಉಪಯೋಗಕ್ಕೆ ಬರುತ್ತೆ ಅಂತ ನೀವೇ ಹೇಳಿ.

ಹಬ್ಬ ನಡೆಯುವುದು ಓಲ್ಡ್ ಸ್ವಾನ್ ಹೋಟೆಲಿನಲ್ಲಿ. ಈ ಹೋಟೆಲ್ಲಿಗೇ ಒಂದು ಕಥೆ ಇದೆ. 1926ರ ಡಿಸೆಂಬರ್ 3ರ ರಾತ್ರಿ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಮನೆ ಬಿಟ್ಟು ಕಾರಿನಲ್ಲಿ ಹೊರಟರು. ಮರುದಿನ ಕಾರು ಸರ‍್ರೆ ಕಡೆ ಸಿಕ್ಕಿತು, ಅವರು ಸಿಗಲಿಲ್ಲ. ಪೊಲೀಸರು, ಊರ ಜನ, ಪತ್ರಿಕೆಯವರು ಎಲ್ಲಾ ಸೇರಿ ಹುಡುಕಿದರು. ಕೊನೆಗೆ ಡಿಸೆಂಬರ್ 14ಕ್ಕೆ ಅವರು ಸಿಕ್ಕಿದ್ದು ಇಲ್ಲಿ, ಬೇರೆ ಹೆಸರಲ್ಲಿ ರೂಮು ಮಾಡಿಕೊಂಡು. ಹೋಟೆಲಿನ ವಾದ್ಯದವರು ಗುರುತು ಹಿಡಿದು ಪೊಲೀಸರಿಗೆ ಹೇಳಿದರಂತೆ. ರಿಜಿಸ್ಟರಿನಲ್ಲಿ ಬರೆಸಿದ್ದ ಅಡ್ಡಹೆಸರು ನೀಲ್. ಅದು ಗಂಡನ ಗೆಳತಿಯ ಅಡ್ಡಹೆಸರು! ಯಾಕೆ ಹಾಗೆ ಮಾಡಿದರು ಅಂತ ಅವರು ತಮ್ಮ ಆತ್ಮಕಥೆಯಲ್ಲೂ ಬಾಯಿ ಬಿಡಲಿಲ್ಲ.

ನನಗೆ ಕ್ರಿಸ್ಟಿ ಇಷ್ಟವಾಗುವುದು ಬೇರೆ ಕಾರಣಕ್ಕೆ. ಅವರು ನಮ್ಮವರು. ಅಂದರೆ ನಮ್ಮ ಕಸುಬಿನವರು. ಮೊದಲ ಮಹಾಯುದ್ಧದ ಕಾಲದಲ್ಲಿ ಟಾರ್ಕಿ ಊರಿನ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಮಾಡಿದ್ದರು, ಅದಕ್ಕೆ ಪರೀಕ್ಷೆಯನ್ನೂ ಕಟ್ಟಿ ಪಾಸಾಗಿದ್ದರು. 1920ರಲ್ಲಿ ಅವರ ಮೊದಲ ಕಾದಂಬರಿ ಬಂದಾಗ ಫಾರ್ಮಸಿಯವರ ಪತ್ರಿಕೆಯೇ ವಿಷದ ವಿವರ ಸರಿಯಾಗಿದೆ ಅಂತ ಹೊಗಳಿತ್ತು. ಈಗಲೂ ಎಷ್ಟೋ ಥ್ರಿಲ್ಲರ್‌ಗಳಲ್ಲಿ ಒಂದು ಹನಿ ಬಿದ್ದ ತಕ್ಷಣ ಮನುಷ್ಯ ಕಣ್ಣು ಮೇಲೆ ಮಾಡುತ್ತಾನೆ. ಓದುವಾಗ ನನಗೆ ಮೈಯೆಲ್ಲಾ ಉರಿಯುತ್ತೆ.

ಮೊದಲ ದಿನ, ಗುರುವಾರ, ಬರೆಯುವವರಿಗೇ ಮೀಸಲು. ಕಾದಂಬರಿಕಾರರು ಕೂತು ಕಲಿಸುತ್ತಾರೆ: ಮೊದಲ ಅಧ್ಯಾಯ ಹೇಗಿರಬೇಕು, ಸುಳಿವನ್ನು ಎಲ್ಲಿ ಬಚ್ಚಿಡಬೇಕು, ಸಂಭಾಷಣೆಯಲ್ಲಿ ಸುಳ್ಳು ಹೇಗೆ ಹೇಳಿಸಬೇಕು. ದಿನದ ಕೊನೆಗೆ 'ಡ್ರ್ಯಾಗನ್ಸ್ ಪೆನ್' ಅಂತ ಒಂದು ಪರೀಕ್ಷೆ. ಬರೆದದ್ದನ್ನು ಪ್ರಕಾಶಕರಿಗೆ ಮುಟ್ಟಿಸುವ ಏಜೆಂಟರು, ಸಂಪಾದಕರು ಸಾಲಾಗಿ ಕೂತಿರುತ್ತಾರೆ. ಹೊಸಬರು ಎದ್ದು ನಿಂತು ಎರಡು ನಿಮಿಷದಲ್ಲಿ ತಮ್ಮ ಕಾದಂಬರಿ ಹೇಳಿ ಮುಗಿಸಬೇಕು. ನಾನು ಹೆಸರು ಕೊಡಲಿಲ್ಲ. ನಾನು ಬರೆಯುತ್ತಿರುವುದು ಕನ್ನಡದಲ್ಲಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ನಡೆಯುವ ಕೊಲೆಯ ಬಗ್ಗೆ. ಲಂಡನ್ನಿನ ಏಜೆಂಟರಿಗೆ ಅದನ್ನು ಇಟ್ಟುಕೊಂಡು ಏನಾಗಬೇಕು? ಆದರೆ ಹಿಂದಿನ ಸಾಲಲ್ಲಿ ಕೂತು ನೋಡೋಕೆ ಭಾರಿ ಮಜಾ. ಒಬ್ಬರು ಎರಡು ನಿಮಿಷವನ್ನೂ ಇನ್‌ಸ್ಪೆಕ್ಟರನ ಡೈವೋರ್ಸ್ ಕಥೆಗೇ ಖರ್ಚು ಮಾಡಿಬಿಟ್ಟರು. ಗಂಟೆ ಹೊಡೆದಾಗ ಹೆಣ ಇನ್ನೂ ಬಿದ್ದಿರಲಿಲ್ಲ, ಪಾಪ.

ನಿಜವಾದ ಹಬ್ಬ ಇರುವುದು ಹೋಟೆಲಿನ ಹುಲ್ಲುಹಾಸಿನ ಮೇಲೆ. ದೊಡ್ಡ ಹೆಸರಿನವರು, ಒಂದೂ ಪುಸ್ತಕ ಬರದವರು, ಸುಮ್ನೆ ಓದುವವರು ಎಲ್ಲರೂ ಗ್ಲಾಸು ಹಿಡಿದು ಅಲ್ಲೇ ಇರುತ್ತಾರೆ. ಗಣ್ಯರಿಗೆ ಬೇರೆ ಊಟದ ಸಾಲು ಅನ್ನೋದೇ ಇಲ್ಲ. ಇದನ್ನು ನಮ್ಮ ಸಮ್ಮೇಳನದವರು ಒಮ್ಮೆ ಬಂದು ನೋಡಬೇಕು.

ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡೋದು ಅಂತ ಒಬ್ಬರಿಗೆ ಹೇಳಿದ್ದೇ ತಡ, ಸುತ್ತ ಜನ ಸೇರಿಬಿಟ್ಟರು. ಎಲ್ಲರದ್ದೂ ಒಂದೇ ಪ್ರಶ್ನೆ: ಯಾವುದು ಕೊಟ್ಟರೆ ಸಿಕ್ಕಿಬೀಳಲ್ಲ? ಏನು ಕೊಟ್ಟರೂ ಸಿಕ್ಕಿಬೀಳ್ತೀರ ಅಂದೆ. ಮುಖಗಳು ಬಾಡಿದವು. ಒಬ್ಬರ ಕಥೆಯಲ್ಲಿ ನರ್ಸ್ ಒಬ್ಬಳು ವಾರ್ಡಿನಿಂದ ಮಾರ್ಫಿನ್ ಎತ್ತಿಕೊಂಡು ಹೋಗುತ್ತಾಳೆ, ಯಾರಿಗೂ ಗೊತ್ತೇ ಆಗಲ್ಲ. ಮಾರ್ಫಿನ್ ಬೀಗದ ಕಪಾಟಿನಲ್ಲಿರುತ್ತೆ, ಒಂದೊಂದು ಆಂಪ್ಯೂಲಿಗೂ ರಿಜಿಸ್ಟರಿನಲ್ಲಿ ಲೆಕ್ಕ ಇರುತ್ತೆ, ವಾರ್ಡಿನಲ್ಲಿ ತೆಗೆಯುವಾಗ ಇಬ್ಬರು ಸಹಿ ಹಾಕುತ್ತಾರೆ ಅಂತ ವಿವರಿಸಿದೆ. ತನ್ನ ರೋಗಿಗಳನ್ನೇ ಕೊಲ್ಲುತ್ತಿದ್ದ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್‌ಗೆ 2000ರಲ್ಲಿ ಶಿಕ್ಷೆಯಾಯಿತು. ಆಮೇಲೆ ನಡೆದ ವಿಚಾರಣೆಯಿಂದ ಈ ನಿಯಮಗಳು ಇನ್ನೂ ಬಿಗಿಯಾದವು. ಅವರು ಪುಸ್ತಕ ತೆಗೆದು ಎಲ್ಲಾ ಬರೆದುಕೊಂಡರು. ಆಮೇಲೆ ಕೇಳಿದರು, "ಹಾಗಾದ್ರೆ ಎರಡನೇ ಸಹಿ ಹಾಕಿದವಳು ಗೆಳತಿಯಾಗಿದ್ದರೆ?" ಅಲ್ಲೇ ನೋಡಿ, ಬರೆಯುವವರ ತಲೆ. ನಿಯಮ ಕೇಳಿದ ಕೂಡಲೇ ಅದರ ಸಂದಿ ಹುಡುಕುತ್ತಾರೆ.

ಅವರೇ, ಅರವತ್ತು ದಾಟಿದ ಯಾರ್ಕ್‌ಶೈರ್ ಹೆಂಗಸು, ನನ್ನ ಕಾದಂಬರಿಯ ಬಗ್ಗೆಯೂ ಕೇಳಿದರು. ನಿಮ್ಮ ಭಾಷೆಯಲ್ಲಿ ಇಂಥ ಕಾದಂಬರಿ ಇವೆಯಾ ಅಂದರು. ಎನ್. ನರಸಿಂಹಯ್ಯನವರ ವಿಷಯ ಹೇಳಿದೆ. ಹೆಚ್ಚು ಶಾಲೆ ಕಲಿಯದವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ಬಾಡಿಗೆ ಲೈಬ್ರರಿಗಳಲ್ಲಿ ಅವರ ಪತ್ತೇದಾರಿ ಪುಸ್ತಕಗಳಿಗೆ ಜನ ಕಾಯುತ್ತಿದ್ದರು ಅಂದಾಗ ಅವರು ಗ್ಲಾಸು ಕೆಳಗಿಟ್ಟರು. ಐನೂರಾ? ಅಂತ ಎರಡು ಸಲ ಕೇಳಿದರು.

ಮಾತು ಅಲ್ಲಿಂದ ನಮ್ಮ ಪೊಲೀಸರ ಕಡೆ ಹೊರಳಿತು. ಹೆಣ ಸಿಕ್ಕ ಜಾಗಕ್ಕೆ ನಿಮ್ಮಲ್ಲಿ ಯಾರ‍್ಯಾರು ಬರುತ್ತಾರೆ ಅಂತ ಅವರ ಪ್ರಶ್ನೆ. ಇಲ್ಲಿ ಬಿಳಿ ಸೂಟು ಹಾಕಿಕೊಂಡವರು ಬಂದು ಟೆಂಟು ಹಾಕಿ ಎಲ್ಲರನ್ನೂ ದೂರ ಕಳಿಸುತ್ತಾರೆ. ನಮ್ಮಲ್ಲಿ ಸ್ಥಳ ಮಹಜರು ಆಗಬೇಕು, ಅದಕ್ಕೆ ಪಂಚರು ಬೇಕು, ಪೊಲೀಸಿನವರಲ್ಲದ ಇಬ್ಬರನ್ನು ಅಲ್ಲೇ ಸುತ್ತಮುತ್ತ ಹಿಡಿದು ಕರೆದು ಎಲ್ಲಾ ತೋರಿಸಿ ಸಹಿ ಹಾಕಿಸುತ್ತಾರೆ ಅಂದೆ. ಟೀ ಅಂಗಡಿಯವನು, ಸೈಕಲ್ ರಿಪೇರಿಯವನು, ಯಾರಾದರೂ ಆದೀತು. ವರ್ಷಗಟ್ಟಲೆ ಆದಮೇಲೆ ಕೋರ್ಟಿನಲ್ಲಿ ಅವರೇ ನಿಂತು, ನಾನೇನೂ ನೋಡಿಲ್ಲ ಸ್ವಾಮಿ, ಸ್ಟೇಷನ್ನಿನಲ್ಲಿ ಸಹಿ ಹಾಕಿಸಿಕೊಂಡರು ಅಂತ ಉಲ್ಟಾ ಹೊಡೆಯುವುದೂ ಉಂಟು.

"ನಿಮ್ಮ ಕಾದಂಬರಿ ಯಾರ ಬಗ್ಗೆ?" ಅಂದರು.

"ಇನ್‌ಸ್ಪೆಕ್ಟರ್ ಒಬ್ಬನ ಬಗ್ಗೆ."

"ಯಾಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್‌ಸ್ಪೆಕ್ಟರ್ ಇಲ್ಲಿಯವರ ಪುಸ್ತಕಗಳಿಂದ ಬಂದವನು. ಮಳೆಯಲ್ಲಿ ಒಂಟಿಯಾಗಿ ನಿಂತು ಯೋಚಿಸುವವನು. ತಿಪಟೂರಿನಲ್ಲಿ ಅಷ್ಟು ಮಳೆಯಾದರೂ ಎಲ್ಲಿ ಬರುತ್ತೆ? ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯ ಗೇಟಿನ ಬಳಿ ಟೀ ಮಾರುತ್ತಾ, ಒಂದು ಸಹಿ ಹಾಕಿದ ತಪ್ಪಿಗೆ ಸತ್ತವನ ಕಡೆಯವರಿಗೂ ಕೊಂದವನ ಕಡೆಯವರಿಗೂ ಬೇಕಾದವನಾಗಿಬಿಟ್ಟ ಮನುಷ್ಯ ಮಾತ್ರ ನಮ್ಮೂರಿನವನೇ. ಉಳಿದ ಎರಡು ದಿನದ ಗೋಷ್ಠಿಗಳಲ್ಲಿ ನಾನು ಏನು ಕೇಳಿದೆನೋ ಗೊತ್ತಿಲ್ಲ. ನೋಟ್‌ಬುಕ್ಕಿನ ತುಂಬ ಅವನೇ ಇದ್ದಾನೆ.

ಭಾನುವಾರ ಸಂಜೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರು ತಿಪಟೂರಿನಲ್ಲಿ ವಕೀಲರು. ಪಂಚರ ಬಗ್ಗೆ ಕೇಳಿದ್ದೇ ಸಾಕು, ಶುರು ಮಾಡಿದರು. "ಸ್ಟಾಕ್ ವಿಟ್ನೆಸ್ ಅಂತ ಇರ್ತಾರೆ ಕಣಮ್ಮ. ಸ್ಟೇಷನ್ ಹತ್ತಿರಾನೇ ಓಡಾಡ್ಕೊಂಡು ಎಲ್ಲ ಕೇಸಿಗೂ ಅವರೇ ಪಂಚರು. ಅಂಥವನು ಸಿಕ್ಕಿದ್ರೆ ಪಾಟೀಸವಾಲಲ್ಲಿ ನಮಗೆ ಹಬ್ಬ." 2024ರ ಜುಲೈನಿಂದ ಹೊಸ ಕಾನೂನು ಬಂದು ಜಪ್ತಿಯನ್ನೆಲ್ಲಾ ವಿಡಿಯೋ ಮಾಡಬೇಕಾಗಿದೆ, ಆ ಮಜಾ ಕಡಿಮೆಯಾಯ್ತು ಅಂತ ಬೇಜಾರೂ ಮಾಡಿಕೊಂಡರು. ನನ್ನ ಕಥೆ 1996ರಲ್ಲಿ ನಡೆಯೋದು ದೊಡ್ಡಪ್ಪ, ವಿಡಿಯೋ ಕಾಟ ಇಲ್ಲ ಅಂದೆ.

"ಸತ್ತವನು ಯಾರು?"

"ಒಬ್ಬ ಮಂಡಿ ಸಾಹುಕಾರ."

"ಯಾವ ಮಂಡಿ? ಹೆಸರು ಬದಲಾಯಿಸಿದ್ದೀಯ ತಾನೇ?"