ಥೈರಾಯ್ಡ್‌ಗೆ ಟಿಎಸ್‌ಎಚ್ ಒಂದೇ ಸಾಕಾ, ಪೂರ್ತಿ ಪ್ಯಾಕೇಜ್ ಬೇಕಾ?

ಲ್ಯಾಬಿನಲ್ಲಿ ಕೆಲಸ ಅಂತ ಗೊತ್ತಾದರೆ ಸಾಕು, ಮದುವೆಮನೆ ಪಂಕ್ತಿಯಲ್ಲಿ ಕೂತಾಗಲೂ ಯಾರಾದರೂ ಕೇಳುತ್ತಾರೆ: “ಥೈರಾಯ್ಡ್ ನೋಡಿಸಬೇಕಿತ್ತು. ಟಿಎಸ್‌ಎಚ್ ಒಂದೇ ಸಾಕಾ, ಪೂರ್ತಿ ಪ್ಯಾಕೇಜ್ ಮಾಡಿಸಿಬಿಡಲಾ?” ಶಿವಮೊಗ್ಗದ ದುರ್ಗಿಗುಡಿ ಕಡೆ ಹೋದರೆ ಹೆಜ್ಜೆಗೊಂದು ಲ್ಯಾಬ್, ಲ್ಯಾಬಿಗೊಂದು ಆಫರ್. ಗೊಂದಲ ಆಗದೆ ಇರುತ್ತಾ?

ನನ್ನ ಉತ್ತರ ಇಷ್ಟು. ಸುಸ್ತು, ಕೂದಲು ಉದುರೋದು, ತೂಕ ಏರೋದು ಅಂತ ಅನುಮಾನಕ್ಕೆ ಮೊದಲ ಸಲ ನೋಡಿಸುವವರಿಗೆ ಟಿಎಸ್‌ಎಚ್ ಸಾಕು. ಅದು ಏರುಪೇರಾದರೆ ಮುಂದಿನದು. ಬಸುರಿಯರ ಲೆಕ್ಕ ಬೇರೆ, ಅವರು ಡಾಕ್ಟರು ಬರೆದದ್ದನ್ನೇ ಮಾಡಿಸಲಿ.

ಟಿಎಸ್‌ಎಚ್ ಅನ್ನುವ ಹಾರ್ಮೋನ್ ಥೈರಾಯ್ಡ್‌ನಿಂದ ಬರುವುದಲ್ಲ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ. ತೋಟದಲ್ಲಿ ಕೆಲಸ ನಿಧಾನವಾದರೆ ಮೇಸ್ತ್ರಿ ಕೂಗು ಜಾಸ್ತಿಯಾಗುತ್ತದಲ್ಲ, ಹಾಗೆ. ಥೈರಾಯ್ಡ್ ಕೊಡುವ ಟಿ4 ಹಾರ್ಮೋನ್ ಕಡಿಮೆಯಾದರೆ ಟಿಎಸ್‌ಎಚ್ ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ. ಅದೂ ಸ್ವಲ್ಪಸ್ವಲ್ಪ ಅಲ್ಲ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ 100 ಪಟ್ಟಿನವರೆಗೂ ಏರಬಹುದು. ಹಾಗಾಗಿ ಟಿ4 ಇನ್ನೂ ನಾರ್ಮಲ್ ಒಳಗಿರುವಾಗಲೇ ಇದು ಸುಳಿವು ಕೊಡುತ್ತದೆ. ಪಿಟ್ಯುಟರಿಯೇ ಕೆಟ್ಟಿದ್ದರೆ ಮಾತ್ರ ಟಿಎಸ್‌ಎಚ್ ನಂಬುವ ಹಾಗಿಲ್ಲ. ಅದು ಅಪರೂಪ.

ಟಿಎಸ್‌ಎಚ್ ಹೆಚ್ಚು ಬಂದರೆ ಫ್ರೀ ಟಿ4 ನೋಡಬೇಕು. ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿ ಓಡಾಡುವ ಟಿ4 ಅದು. ಅಂಟಿದ್ದೂ ಸೇರಿದರೆ ಟೋಟಲ್. ‘ಫ್ರೀ’ ಇರುವುದೇ ಒಳ್ಳೆಯದು. ಟೋಟಲ್ ಟಿ4 ಗರ್ಭನಿರೋಧಕ ಮಾತ್ರೆ ತಗೊಂಡರೂ ಏರಿ ಕೂರುತ್ತದೆ, ಕಾಯಿಲೆ ಇಲ್ಲದಿದ್ದರೂ. ಟಿ3 ಅಂದರೆ ಥೈರಾಯ್ಡ್‌ನ ಇನ್ನೊಂದು ಹಾರ್ಮೋನ್, ಥೈರಾಯ್ಡ್ ಜಾಸ್ತಿ ಕೆಲಸ ಮಾಡುವವರಲ್ಲಿ ಅದನ್ನು ನೋಡಬೇಕಾಗುತ್ತದೆ. ಕಡಿಮೆ ಇರುವವರಲ್ಲಿ ಅದು ಕೊನೆಯವರೆಗೂ ನಾರ್ಮಲ್ ಇರಬಹುದು, ಹಾಗಾಗಿ ಸುಮ್ನೆ ದುಡ್ಡು.

ಪ್ಯಾಕೇಜಿನಲ್ಲಿ ಕಾಣುವ ಆಂಟಿ-ಟಿಪಿಒ ಅನ್ನುವ ಪರೀಕ್ಷೆ ಎಷ್ಟು ಕಾಯಿಲೆ ಅಂತ ಹೇಳುವುದಿಲ್ಲ, ಯಾಕೆ ಅಂತ ಹೇಳುತ್ತದೆ. ನಮ್ಮ ದೇಹವೇ ಥೈರಾಯ್ಡ್ ಮೇಲೆ ತಿರುಗಿ ಬಿದ್ದಿದೆಯಾ ಅನ್ನುವುದಕ್ಕೆ ಇದು ಸಾಕ್ಷಿ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದ ಕಾಯಿಲೆ ಅದೇ. ಒಮ್ಮೆ ಪಾಸಿಟಿವ್ ಬಂದರೆ ಮುಗಿಯಿತು, ವರ್ಷ ವರ್ಷ ಮಾಡಿಸಿ ಸಂಖ್ಯೆ ಇಳಿಯಿತಾ ಅಂತ ನೋಡುವುದರಲ್ಲಿ ಅರ್ಥವಿಲ್ಲ. ಥೈರೊಗ್ಲೋಬುಲಿನ್, ಕ್ಯಾಲ್ಸಿಟೋನಿನ್ ಇವು ಕ್ಯಾನ್ಸರ್ ವಿಚಾರದವು, ಮಾಮೂಲಿ ಚೆಕಪ್‌ಗೆ ಸಂಬಂಧವಿಲ್ಲ.

ಪ್ಯಾಕೇಜ್ ಚಿಕ್ಕದಾ ದೊಡ್ಡದಾ ಅನ್ನುವುದಕ್ಕಿಂತ ನೀವು ಏನು ತಿಂದು ಬಂದಿದ್ದೀರಿ ಅನ್ನುವುದು ಮುಖ್ಯ. ಹೊಸನಗರ ಕಡೆಯ ಒಬ್ಬರ ರಿಪೋರ್ಟಿನಲ್ಲಿ ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಜಾಸ್ತಿ. ಹಾಳೆ ನೋಡಿದರೆ ಥೈರಾಯ್ಡ್ ಉಕ್ಕಿ ಹರಿಯುತ್ತಿದೆ. ಎದುರಿಗೆ ಕೂತವರಿಗೆ ಎದೆ ಹೊಡೆತವೂ ಇಲ್ಲ, ಕೈ ನಡುಕವೂ ಇಲ್ಲ, ತೂಕ ಬೇರೆ ಏರಿದೆ.

“ಅಕ್ಕಾ, ಏನಾದ್ರೂ ಮಾತ್ರೆ ತಗೋತಾ ಇದ್ದೀರಾ?”

“ಇಲ್ಲ ಮೇಡಂ, ಏನೂ ಇಲ್ಲ.”

“ಕೂದಲಿಗೆ, ಉಗುರಿಗೆ?”

“ಓ, ಅದಾ? ಅದೇನು ಔಷಧಿನಾ? ಮೆಡಿಕಲ್ಲಲ್ಲಿ ಕೊಟ್ಟ ವಿಟಮಿನ್ನು.”

ಬ್ಯಾಗಿನಿಂದ ಸ್ಟ್ರಿಪ್ ತೆಗೆದರು. ಬಯೋಟಿನ್, 10 ಮಿಲಿಗ್ರಾಂ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾಗುವುದು ಇದರ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಲ್ಯಾಬಿನ ಎಷ್ಟೋ ಮಷಿನ್‌ಗಳು ಪರೀಕ್ಷೆಯ ಒಳಗೇ ಬಯೋಟಿನ್ ಬಳಸುತ್ತವೆ. ರಕ್ತದಲ್ಲೂ ಅದು ತುಂಬಿದ್ದರೆ ಲೆಕ್ಕ ತಪ್ಪುತ್ತದೆ: ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅಮೆರಿಕದ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ರಕ್ತ ಕೊಡುವ ಎರಡು ದಿನ ಮೊದಲೇ ಈ ಮಾತ್ರೆ ನಿಲ್ಲಿಸಿ. ಆ ಅಕ್ಕ ಬಿಟ್ಟು ಬಂದು ಮತ್ತೆ ಕೊಟ್ಟರು, ಎಲ್ಲ ನಾರ್ಮಲ್.

ಜೋರು ಕಾಯಿಲೆಯಲ್ಲಿ ಮಲಗಿದ್ದಾಗಲೂ ಹೀಗೇ. ಮಂಗನ ಕಾಯಿಲೆಯೋ ಡೆಂಗ್ಯೂವೋ ಬಂದು ಅಡ್ಮಿಟ್ ಆದವರಿಗೆ “ಹೇಗೂ ರಕ್ತ ತೆಗೀತಾರಲ್ಲ, ಥೈರಾಯ್ಡೂ ನೋಡಿಸಿಬಿಡೋಣ” ಅಂತ ಮನೆಯವರಿಗೆ ಅನ್ನಿಸುತ್ತದೆ. ಬೇಡ. ಆಗ ಟಿ3 ಇಳಿದಿರುತ್ತದೆ, ಟಿಎಸ್‌ಎಚ್ ಕೂಡ ಅತ್ತಿತ್ತ ಆಗಿರುತ್ತದೆ. ಡಾಕ್ಟರಿಗೇ ಥೈರಾಯ್ಡ್ ಮೇಲೆ ಗಟ್ಟಿ ಅನುಮಾನ ಇದ್ದರೆ ಬೇರೆ ಮಾತು. ಇಲ್ಲವಾದರೆ ಚೇತರಿಸಿಕೊಂಡ ಮೇಲೆ ನೋಡಿಸಿ.

ತೀರ್ಥಹಳ್ಳಿಯಿಂದ ಮೊದಲ ಬಸ್ಸು ಹತ್ತಿ ಖಾಲಿ ಹೊಟ್ಟೆಯಲ್ಲಿ ಬರುವವರಿಗೆ ಒಂದು ಮಾತು: ಥೈರಾಯ್ಡ್ ಒಂದಕ್ಕೇ ಆದರೆ ಉಪವಾಸ ಕಡ್ಡಾಯ ಅಲ್ಲ. ಆದರೆ ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೊಡಿ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುತ್ತದೆ. ಥೈರಾಯ್ಡ್ ಕಡಿಮೆ ಇರುವುದಕ್ಕೆ ಥೈರಾಕ್ಸಿನ್ ತಗೊಳ್ಳುವವರು ಅವತ್ತು ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ. ಡೋಸ್ ಬದಲಾದರೆ 6ರಿಂದ 8 ವಾರ ಕಾಯಿರಿ, ಹದಿನೈದೇ ದಿನಕ್ಕೆ ಓಡಿ ಬರಬೇಡಿ.

ಟಿಎಸ್‌ಎಚ್ ನಾರ್ಮಲ್‌ಗಿಂತ ಸ್ವಲ್ಪವೇ ಮೇಲೆ, 5 ಅಥವಾ 6 ಬಂದು ಟಿ4 ಸರಿಯಿದ್ದರೆ ಅವತ್ತೇ ಮಾತ್ರೆಗೆ ಹೊರಡುವುದು ಬೇಡ. ಎರಡು ಮೂರು ತಿಂಗಳು ಬಿಟ್ಟು ನೋಡಿದರೆ ಎಷ್ಟೋ ಜನರಲ್ಲಿ ತಾನಾಗೇ ಇಳಿದಿರುತ್ತದೆ. ವಯಸ್ಸಾದವರಲ್ಲಿ ಸ್ವಲ್ಪ ಮೇಲಿರುವುದೂ ಮಾಮೂಲಿ.

ನಮ್ಮ ಕಡೆಯವರು ಇನ್ನೊಂದನ್ನೂ ಕೇಳುತ್ತಾರೆ, ಉಪ್ಪಿನಲ್ಲಿ ಅಯೋಡಿನ್ ಸಾಕಾಗುತ್ತಿದೆಯಾ ಅಂತ ಇದರಲ್ಲಿ ಗೊತ್ತಾಗುತ್ತಾ ಅಂತ. ಮಳೆ ಜಾಸ್ತಿ ಬೀಳುವ ಗುಡ್ಡಗಾಡಿನ ಮಣ್ಣಿನಲ್ಲಿ ಅಯೋಡಿನ್ ತೊಳೆದು ಹೋಗುತ್ತದೆ, ಹಾಗಾಗಿ ಕೇಳುವುದು ಸರಿಯೇ. ಆದರೆ ಈ ಪರೀಕ್ಷೆ ಅದನ್ನು ಅಳೆಯುವುದಿಲ್ಲ. ಒಂದು ಊರಿನವರಿಗೆ ಅಯೋಡಿನ್ ಸಾಲುತ್ತಿದೆಯಾ ಅಂತ ನೋಡುವುದು ಮೂತ್ರದಲ್ಲಿ.

ಕತ್ತಿನ ಮುಂದೆ ಗಂಟು ಕೈಗೆ ಸಿಗುತ್ತಿದ್ದರೆ ಮಾತ್ರ ಟಿಎಸ್‌ಎಚ್ ನಾರ್ಮಲ್ ಬಂತು ಅಂತ ಮನೆಗೆ ಹೋಗಬೇಡಿ. ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನವರಲ್ಲೂ ಅದು ನಾರ್ಮಲ್ಲೇ ಇರುತ್ತದೆ. ಅದಕ್ಕೆ ಅಲ್ಟ್ರಾಸೌಂಡ್ ಬೇಕು, ಡಾಕ್ಟರು ಹೇಳಿದರೆ ಸೂಜಿ ಹಾಕಿ ತೆಗೆಯುವ ಪರೀಕ್ಷೆ. ನಮ್ಮ ಕೌಂಟರಿನ ಯಾವ ಪ್ಯಾಕೇಜಿನಲ್ಲೂ ಅದು ಸಿಗುವುದಿಲ್ಲ.