ಸತ್ತ ಸಿಂಹದ ಸಿಹಿ ಡಬ್ಬಿ

ಇಂಗ್ಲೆಂಡಿನಲ್ಲಿ ಯಾವ ಸೂಪರ್‌ಮಾರ್ಕೆಟಿಗೆ ಹೋದರೂ ಹಸಿರು, ಚಿನ್ನದ ಬಣ್ಣದ ಒಂದು ಡಬ್ಬಿ ಕಾಣುತ್ತದೆ. ಲೈಲ್ಸ್ ಗೋಲ್ಡನ್ ಸಿರಪ್. ಜೇನಿನಂತೆ ಕಾಣುವ ಸಕ್ಕರೆ ಪಾಕ. ಡಬ್ಬಿಯ ಮೇಲೆ ಸಿಂಹವೊಂದು ಆರಾಮಾಗಿ ಮಲಗಿದಂತಿದೆ. ಮಲಗಿಲ್ಲ, ಸತ್ತಿದೆ! ಸುತ್ತ ಜೇನ್ನೊಣಗಳು. ಬೈಬಲ್ಲಿನ ಸ್ಯಾಮ್ಸನ್ ತಾನು ಕೊಂದ ಸಿಂಹದ ಹೆಣದೊಳಗೆ ಜೇನು ಕಂಡ ಕಥೆಯಿದು. 'ಬಲಶಾಲಿಯಿಂದ ಸಿಹಿ ಬಂತು' ಅನ್ನುವ ಮಾತೂ ಅಲ್ಲೇ ಅಚ್ಚಾಗಿದೆ. ಕಂಪನಿ ಕಟ್ಟಿದ ಅಬ್ರಾಮ್ ಲೈಲ್ ಭಾರಿ ದೈವಭಕ್ತ. ತಿನ್ನುವ ಪದಾರ್ಥದ ಮೇಲೆ ಹೆಣದ ಚಿತ್ರ ಹಾಕುವ ಧೈರ್ಯ ಈಗ ಯಾವ ಕಂಪನಿಗಿದೆ ಹೇಳಿ?

1885ರಿಂದ ಆ ಡಬ್ಬಿ ಹೆಚ್ಚುಕಡಿಮೆ ಹಾಗೇ ಇದೆ. ಜಗತ್ತಿನ ಅತಿ ಹಳೆಯ ಬ್ರ್ಯಾಂಡ್ ಪ್ಯಾಕೇಜಿಂಗ್ ಎಂದು 2006ರಲ್ಲಿ ಗಿನ್ನೆಸ್ ಪುಸ್ತಕ ಸೇರಿತು. 2024ರಲ್ಲಿ ಪ್ಲಾಸ್ಟಿಕ್ ಬಾಟಲಿಗಳ ಮೇಲೆ ಬದುಕಿರುವ ಸಿಂಹದ ಮುಖ ಬಂತು. ಜನ ಗೊಣಗಿದರು. ತಗಡಿನ ಡಬ್ಬಿಯನ್ನು ಮಾತ್ರ ಕಂಪನಿ ಮುಟ್ಟಲಿಲ್ಲ.

ಮೊದಮೊದಲು ಡಬ್ಬಿಗೆ ಅಂದ ಬೇಕಿರಲಿಲ್ಲ. ಲಂಡನ್ನಿನ ಬರ್ಮಂಡ್ಸಿಯಲ್ಲಿ ಬ್ರಯನ್ ಡಾಂಕಿನ್ ಮತ್ತು ಜಾನ್ ಹಾಲ್ 1813ರಲ್ಲೇ ಡಬ್ಬಿ ಮಾಂಸ ಮಾಡುತ್ತಿದ್ದರು. ಕೊಳ್ಳುತ್ತಿದ್ದದ್ದು ನೌಕಾಪಡೆ. ತೆರೆಯಲು ಉಳಿ, ಸುತ್ತಿಗೆ ಬೇಕಿತ್ತು. ಬಣ್ಣ ಬಳಿದರೂ ತುಕ್ಕು ಹಿಡಿಯದಿರಲಿ ಅಂತ ಅಷ್ಟೇ. 1852ರಲ್ಲಿ ನೌಕಾಪಡೆಯ ಡಬ್ಬಿಗಳಲ್ಲಿ ಕೊಳೆತ ಮಾಂಸ ಸಿಕ್ಕಿ ದೊಡ್ಡ ಗಲಾಟೆಯಾಯಿತು. ಮುಚ್ಚಿದ ತಗಡಿನೊಳಗೆ ಏನಿದೆಯೋ ಯಾರಿಗೆ ಗೊತ್ತು? ಅಂಗಡಿಯ ಗಿರಾಕಿಗೂ ಅದೇ ಅನುಮಾನ. ಮೂಸುವಂತಿಲ್ಲ, ಒತ್ತಿ ನೋಡುವಂತಿಲ್ಲ. ಹಾಗಾಗಿ ಪರಿಚಿತ ಬಣ್ಣವೇ ಜಾಮೀನು ನಿಲ್ಲಬೇಕಾಯಿತು. 1876ರಿಂದ ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯೂ ಶುರುವಾಯಿತು. ಮೊದಲ ನಂಬರು ಸಿಕ್ಕಿದ್ದು ಬಾಸ್ ಬಿಯರಿನ ಕೆಂಪು ತ್ರಿಕೋನಕ್ಕೆ.

ಬೀನ್ಸ್, ಅಂದರೆ ಟೊಮೆಟೊ ಸಾಸಿನಲ್ಲಿ ಬೆಂದ ಕಾಳು, ಅದರ ಡಬ್ಬಿಗೆ ಕಾಗದದ ಲೇಬಲ್ ಯಾಕೆ ಗೊತ್ತಾ? ಅದನ್ನು ಮುಚ್ಚಿದ ಮೇಲೆ ಜೋರು ಬಿಸಿಯಲ್ಲಿ ಬೇಯಿಸುತ್ತಾರೆ. ಅಲ್ಲಿ ಕಾಗದ ಉಳಿಯುವುದಿಲ್ಲ, ಆಮೇಲೆ ಅಂಟಿಸಬೇಕು. ಪಾಕವನ್ನು ಡಬ್ಬಿಯಲ್ಲಿ ಬೇಯಿಸುವ ರಗಳೆಯಿಲ್ಲ. ತಗಡಿನ ಮೇಲೇ ಅಚ್ಚು ಹಾಕಿ, ಪಾಕ ತುಂಬಿ ಮುಚ್ಚಿದರಾಯಿತು.

ಅಮೆರಿಕದ ಕ್ಯಾಂಪ್‌ಬೆಲ್ ಸೂಪಿನ ಕೆಂಪು-ಬಿಳಿ 1898ರಲ್ಲಿ ಬಂದದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಉಡುಪು ನೋಡಿ. ಊಟಕ್ಕೂ ಆ ಬಣ್ಣಕ್ಕೂ ಸಂಬಂಧವೇ ಇಲ್ಲ, ನೋಡಿ! ಇಲ್ಲಿ ಇಂಗ್ಲೆಂಡಿನಲ್ಲಿ ಹೈನ್ಜ್ ಕಂಪನಿಯ ಬೀನ್ಸ್ ಡಬ್ಬಿ ಅಂದರೆ ಹಸಿರು ಬೆರೆತ ನೀಲಿ. ಒಳಗಿನ ಕಿತ್ತಳೆ ಬಣ್ಣದ ಸಾಸಿಗೆ ಪೂರ್ತಿ ಎದುರು. ನನ್ನ ಪ್ರಕಾರ ಅದೇ ಅದರ ಗೆಲುವು. ಪಕ್ಕದಲ್ಲಿ ಅಂಗಡಿಯ ಸ್ವಂತ ಬೀನ್ಸ್ ಇರುತ್ತದಲ್ವಾ, ಅಗ್ಗದ್ದು, ಅದರ ಹೆಸರು ಬೇರೆ. ಬಣ್ಣ ಮಾತ್ರ ಎಷ್ಟೋ ಸಲ ನೀಲಿಯೇ.